ಊರ ಪತ್ರಿಕೆ ಕಲಿಸಿದ ಪಾಠ

 

ನನ್ನ ಹುಟ್ಟೂರಿನ ಪತ್ರಿಕೆಯವರು ಈಚೆಗೆ ನನ್ನನ್ನು ಸಂದರ್ಶಿಸಿ, “ತಾವು ಈ ಪದವಿಗೇರಿದ ಬಗೆ ಹೇಗೆ?” ಎಂದು ಕೇಳಿದರು. ಬಡತನ, ವ್ಯಾಸಂಗ, ಪರಿಶ್ರಮಗಳನ್ನು ಸವಿಸ್ತಾರವಾಗಿ ಬಣ್ಣಿಸಿದೆನು. ಅಚ್ಚಾದ ಬರಹದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಏಳು ವರ್ಷ ನನಗೆ ಅನ್ನವಿಟ್ಟ ಈ ಮಠದ ಪ್ರಸಾದನಿಲಯದ ಹೆಸರೇ ಅದರಲ್ಲಿರಲಿಲ್ಲ, ನಾನೇ ಹೇಳಿರಲಿಲ್ಲ. ಅಂದು ದಾಸೋಹದಲ್ಲಿ ನಮಗೆ ಬಡಿಸುತ್ತಿದ್ದ ಹಿರಿಯರು ಅದನ್ನೋದಿ, “ಚಲೋ ಬಂದೈತಪ್ಪಾ” ಎಂದಷ್ಟೇ ನುಡಿದರು. ನನಗೆ ತಲೆಯೆತ್ತಲಾಗಲಿಲ್ಲ.

ದೂರದೂರಿನ ವಾಚಕನು ಹೇಳಿದುದನ್ನು ಮಾತ್ರ ಓದುವನು. ಹುಟ್ಟೂರಿನವನು ಹೇಳದೆ ಬಿಟ್ಟುದನ್ನೂ ಓದುವನು.

ಫ. ಗು. ಹಳಕಟ್ಟಿಯವರು 1926ರಲ್ಲಿ ವಿಜಾಪುರದಿಂದ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ತಾಳೆಯೋಲೆಗಳಲ್ಲಿ ಅಡಗಿದ್ದ ಶರಣರ ವಚನಗಳನ್ನು ಬೆಳಕಿಗೆ ತಂದರು. ಆ ಮಹನೀಯರು ಪತ್ರಿಕೆಯನ್ನೇ ಶರಣರ ನುಡಿಗೆ ಮೀಸಲಿಟ್ಟರು. ನನಗೆ ದೊರೆತ ಒಂದೇ ಪುಟದಲ್ಲಿ ನಾನು ನನ್ನನ್ನೇ ತುಂಬಿದೆನು.

ಆದುದರಿಂದ ಕಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ಪತ್ರಿಕೆಯವರು ಬಂದಾಗ ಉತ್ತರಕ್ಕೆ ಮೊದಲು ಉಪಕಾರಿಗಳನ್ನು ನೆನೆಯಿರಿ. ಅಂದು ಬಿಟ್ಟುದನ್ನು ಇಂದು ಈ ಮಹಾಸಭೆಯಲ್ಲಿ ಹೇಳುತ್ತೇನೆ: ನಾನು ಈ ಮಠದ ಪ್ರಸಾದದಿಂದ ಬೆಳೆದ ಕೂಸು.