ಮಳೆಯ ನಾಡಿನಲ್ಲಿ ಪ್ರಾಚೀನ ವಸ್ತುಗಳ ದರ್ಶನ



ವರ್ಷದಲ್ಲಿ ನಾಲ್ಕು ತಿಂಗಳು ಧೋ ಎಂದು ಮಳೆ ಸುರಿಯುವ, ಉಳಿದ ಕಾಲದಲ್ಲಿ ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತಲೇ ಇರುವ ತುಳುನಾಡಿನಲ್ಲಿ, ಹಳೆಯ ವಸ್ತುವೊಂದನ್ನು ಇದ್ದಂತೆಯೇ ಇರಿಸಿಕೊಳ್ಳುವುದು ವ್ಯರ್ಥ ಸಾಹಸವೆಂಬುದನ್ನು ನಮ್ಮ ಹಿರಿಯರು ಬಹುಕಾಲದ ಹಿಂದೆಯೇ ಅರಿತಿದ್ದರೆಂದು ತೋರುತ್ತದೆ. ಗೆದ್ದಲು ಹಿಡಿದ ತೊಲೆಯನ್ನು ಬದಲಿಸುವುದು, ಮಾಡಿಗೆ ವರ್ಷವರ್ಷವೂ ಹೊಸ ಹುಲ್ಲು ಹೊದಿಸುವುದು, ದೇಗುಲವನ್ನು ಜೀರ್ಣೋದ್ಧಾರಗೈದು ಬ್ರಹ್ಮಕಲಶವನ್ನು ನೆರವೇರಿಸುವುದು, ಇವೇ ಇಲ್ಲಿನ ಸಂರಕ್ಷಣೆಯ ಕ್ರಮಗಳಾಗಿದ್ದವು. ಹೊಸತು ಮಾಡುವುದರಿಂದಲೇ ಹಳೆಯದು ಉಳಿಯುತ್ತಿತ್ತು. ಪ್ರಾಚೀನ ವಸ್ತುವನ್ನು ಪೂಜಿಸುವುದಕ್ಕಲ್ಲದೆ ಕೇವಲ ನೋಡುವುದಕ್ಕೆಂದು ಪಯಣ ಹೊರಡುವ ಪರಿಪಾಠ ಈ ಕರಾವಳಿಗೆ ತಡವಾಗಿ ಬಂದುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ನಂಬಿಕೆ.

ಕಲ್ಲು, ಕಂಚುಗಳ ಮಾತು ಬೇರೆ. ಕದ್ರಿಯ ಲೋಕೇಶ್ವರನ ಕಂಚಿನ ಪ್ರತಿಮೆ ಆಳುಪ ಅರಸನಾದ ಕುಂದವರ್ಮನ ಕಾಲದ್ದು, ಕ್ರಿ.ಶ. 968ರದು, ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ಭೈರರಸನು 1432ರಲ್ಲಿಯೂ, ವೇಣೂರಿನವನನ್ನು ಅಜಿಲರ ಅರಸನಾದ ತಿಮ್ಮಣ್ಣನು 1604ರಲ್ಲಿಯೂ ಪ್ರತಿಷ್ಠಾಪಿಸಿದರು. ಕಂಚಿಗೂ ಕಲ್ಲಿಗೂ ಮಳೆಯ ಹಂಗಿಲ್ಲ. ಆದರೆ ಇವುಗಳನ್ನು ಕಾಣಬಂದವನು ಪ್ರವಾಸಿಯಲ್ಲ, ಯಾತ್ರಿಕನು. ಮಹಾಮಸ್ತಕಾಭಿಷೇಕದ ವೇಳೆಯಲ್ಲಿ ಘಟ್ಟದ ಮೇಲಿನಿಂದಲೂ ಬಂದು ನೆರೆಯುತ್ತಿದ್ದ ಜನರಿಗೆ ಆ ಮೂರ್ತಿ ಎಷ್ಟು ಹಳೆಯದೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮೂಡಬಿದಿರೆಗೆ ಬಂದರೆ ಈ ವಿಷಯ ಇನ್ನಷ್ಟು ಸ್ವಾರಸ್ಯವನ್ನು ಪಡೆಯುತ್ತದೆ. 1430ರ ಸುಮಾರಿಗೆ ಎದ್ದ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಕಗ್ಗಲ್ಲು, ಮೇಲಂತಸ್ತಿಗೆ ಮರ. ಕಲ್ಲಿನ ಚಪ್ಪಡಿಗಳನ್ನೂ ಹುಲ್ಲುಮಾಡಿನಂತೆ ಇಳಿಜಾರಾಗಿ ಜೋಡಿಸಲಾಗಿದೆ. 19ನೆಯ ಶತಮಾನದ ವಾಸ್ತುವಿದ್ವಾಂಸನಾದ ಜೇಮ್ಸ್ ಫರ್ಗುಸನ್ನನು ಇದಕ್ಕೆ ಬೆರಗಾಗಿ ನೇಪಾಳದ ಕಟ್ಟಡಗಳ ಹೋಲಿಕೆಯನ್ನು ತಂದನು. ಆ ಪಂಡಿತನ ಬಗೆಗೆ ಗೌರವವಿದ್ದೂ ಹೇಳುತ್ತೇನೆ, ಇದಕ್ಕಾಗಿ ಹಿಮಾಲಯದವರೆಗೆ ಹೋಗುವ ಅವಶ್ಯಕತೆ ಇರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಆ ಜಗಲಿಯ ಮೇಲೆ ಕುಳಿತಿದ್ದರೆ ಮಾಡು ಏಕೆ ಇಳಿಜಾರಾಯಿತೆಂಬುದನ್ನು ಮಳೆಯೇ ತಿಳಿಸುತ್ತಿತ್ತು.

ಅದೇ ಊರಿನ ಗುರುಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ದೂರದ ಉತ್ತರದಿಂದ ಬಂದ ಶ್ರಾವಕರಿಗೆ ಆ ಗರಿಗಳ ದರ್ಶನ ಲಭಿಸುತ್ತಿತ್ತೇ ಹೊರತು ಪಠನ ಲಭಿಸುತ್ತಿರಲಿಲ್ಲ. ಗ್ರಂಥವೂ ಬಿಂಬದಂತೆ ಕೈಮುಗಿಯತಕ್ಕ ವಸ್ತುವಾಗಿತ್ತು. 19ನೆಯ ಶತಮಾನದ ಕೊನೆಯಲ್ಲಿ, ಗರಿಗಳು ಶಿಥಿಲವಾಗುತ್ತಿವೆಯೆಂಬ ಭಯ ಹುಟ್ಟಿದ ಮೇಲೆ, ಪ್ರತಿಮಾಡುವ ಕಾರ್ಯ ಮೊದಲಾಯಿತು. ಅನೇಕ ವರ್ಷಗಳ ಆ ಶ್ರಮದ ಫಲವಾಗಿ, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ, ಧವಲದ ಮೊದಲ ಸಂಪುಟ 1939ರಲ್ಲಿ ಅಚ್ಚಾಗಿ ಹೊರಬಂದಿತು. ಮುಟ್ಟಬಾರದೆಂದು ಕಾದವರನ್ನು ಇಂದು ಸಂಕುಚಿತ ಮನಸ್ಸಿನವರೆನ್ನುವುದು ಸುಲಭ. ಅವರು ಕಾಯದೆ ಇದ್ದಿದ್ದರೆ ಪ್ರತಿಮಾಡುವುದಕ್ಕೆ ಏನು ಉಳಿಯುತ್ತಿತ್ತು?

ನೋಡುವುದಕ್ಕಾಗಿಯೇ ನೋಡಿದವರು ಹೊರಗಿನವರು. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ನನು 1801ರಲ್ಲಿ ಕನ್ನಡ ಜಿಲ್ಲೆಯನ್ನು ಸಂಚರಿಸಿ, ಬತ್ತದ ಬೆಳೆ, ಮೆಣಸಿನ ಬಳ್ಳಿ, ಗೇಣಿಯ ಲೆಕ್ಕ ಇವುಗಳ ನಡುವೆಯೇ ಕಾರ್ಕಳದ ಗೊಮ್ಮಟನನ್ನೂ ಮೂಡಬಿದಿರೆಯ ಬಸದಿಗಳನ್ನೂ ಕುರಿತು ಬರೆದಿಟ್ಟನು. ಮುಂದೆ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಬರ್ನೆಲ್ಲನು ಭೂತಾರಾಧನೆಯ ಹಾಡುಗಳಾದ ಪಾಡ್ದನಗಳನ್ನು ಬರೆಯಿಸಿ ಸಂಗ್ರಹಿಸಿದನು. ಅವನು ತೀರಿಕೊಂಡ ಅನಂತರ, 1894ರಿಂದ, ಅವು ಪತ್ರಿಕೆಯೊಂದರಲ್ಲಿ ಬೆಳಕು ಕಂಡವು.

ಕಟ್ಟಡ ಕಟ್ಟಿ, ಕಪಾಟುಗಳನ್ನಿಟ್ಟು, ಬಾಗಿಲು ತೆರೆದು ಕೂರುವ ವಸ್ತುಸಂಗ್ರಹಾಲಯ ಮೊದಲು ನಗರದಲ್ಲಿಯೇ ಹುಟ್ಟಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅದು 1913ರಲ್ಲಿ ರೂಪುಗೊಂಡಿತು. ಬಿಜೈಯಲ್ಲಿ ಕರ್ನಲ್ ಮಿರಾಜ್ಕರರು ಹಡಗಿನ ಆಕಾರದಲ್ಲಿ ಕಟ್ಟಿಸಿದ ಮನೆ ಅವರ ತಾಯಿಯ ಹೆಸರಿನಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಾಗಿ 1960ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಹಳ್ಳಿಯ ವಸ್ತು ಹಳ್ಳಿಯಿಂದ ಹೊರಟುಹೋದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಉಡುಪಿ ಸೀಮೆಯ ಮೆಕ್ಕೆಕಟ್ಟಿನಲ್ಲಿ ನಂದಿಕೇಶ್ವರನ ಸ್ಥಾನವಿದೆ. ಮರದಲ್ಲಿ ಕಡೆದು ಕೆಂಪು ಬಳಿದ ಭೂತಗಳ, ಕುದುರೆಗಳ, ಆಯುಧಧಾರಿ ವೀರರ ಆಳೆತ್ತರದ ಪ್ರತಿಮೆಗಳು ಅಲ್ಲಿ ಸಾಲುಸಾಲಾಗಿ ನಿಂತಿರುತ್ತವೆ. ಮರದ ಬಿಂಬ ಜೀರ್ಣವಾದರೆ ಹೊಸತನ್ನು ಕಡೆಯಿಸಿ, ಹಳೆಯದರಲ್ಲಿದ್ದ ಸಾನ್ನಿಧ್ಯವನ್ನು ವಿಧಿವತ್ತಾಗಿ ಅದಕ್ಕೆ ವರ್ಗಾಯಿಸುವುದು ಇಂತಹ ಸ್ಥಾನಗಳ ಸಂಪ್ರದಾಯ. ತೆರವಾದ ಹಳೆಯ ಮರ ನೀರಿಗೋ ಮಣ್ಣಿಗೋ ಸಲ್ಲತಕ್ಕದ್ದು. ಆದರೆ ಮೆಕ್ಕೆಕಟ್ಟಿನ ಹಳೆಯ ಪ್ರತಿಮೆಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿದ್ದು ದೇಶದ ಕುಶಲಕಲೆಗಳಿಗೆ ಮರ್ಯಾದೆ ತಂದ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನಲ್ಲಿಯೇ ಹುಟ್ಟಿದವರೆಂಬುದನ್ನು ನೆನೆದಾಗ, ಈ ಪಯಣ ಅಷ್ಟೇನೂ ಅಸಂಗತವೆಂದು ತೋರುವುದಿಲ್ಲ. ಊರವರಿಗೆ ಅದರಿಂದ ನಷ್ಟವಾಯಿತೇ? ಅವರ ದೈವ ಹೊಸ ಮರದಲ್ಲಿ ಊರಲ್ಲಿಯೇ ಇದೆ, ದೆಹಲಿಗೆ ಹೋದುದು ಶಿಲ್ಪ. ಇಂತಹ ಸುಖವಾದ ಪಾಲುದಾರಿಕೆ ಎಲ್ಲೆಡೆಯೂ ಸಾಧ್ಯವಾಗಿಲ್ಲ. ಎಷ್ಟೋ ಗುತ್ತಿನ ಮನೆಗಳ ಕೆತ್ತನೆಯ ಕಂಬಗಳು, ಪಾಲಾದ ಮರುವರ್ಷವೇ ಮರದ ಬೆಲೆಗೆ ಮಾರಿಹೋದವು.

ಈ ಮಾರಾಟವನ್ನು ಕಂಡು ಸುಮ್ಮನಿರಲಾರದವರಲ್ಲಿ ಮಣಿಪಾಲದ ವಿಜಯನಾಥ ಶೆಣೈ ಒಬ್ಬರು. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು ಕುಂಜೂರು ಚೌಕಿಮನೆ, ಹರ್ಕೂರು ಒಳಗಿನ ಮನೆ ಮುಂತಾದವನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಕೂಡಿಸಿ, ಪರಂಪರೆಯ ಗ್ರಾಮವೊಂದನ್ನು ನಿಲ್ಲಿಸಿದರು. ಅಲ್ಲಿನ ಚಾವಡಿಯಲ್ಲಿ ನಿಂತವನಿಗೆ ಬಡಗಿಯ ಕೈಚಳಕ ಮನಸ್ಸು ತುಂಬುವಷ್ಟು ಕಾಣುತ್ತದೆ. ಆದರೆ ಮನೆಯೆಂದರೆ ಒಲೆಯೂ ಹೌದಷ್ಟೆ! ಹಗಲಿರುಳು ಅಟ್ಟಕ್ಕೇರುವ ಹೊಗೆಯೇ ಹಿಂದೆ ತೊಲೆಗಳನ್ನು ಹುಳುವಿನಿಂದ ಕಾಪಾಡುತ್ತಿತ್ತು. ಅಡುಗೆ ನಿಂತ ಮನೆಯನ್ನು ಉಳಿಸಬೇಕಾದರೆ ಎಣ್ಣೆ, ಔಷಧಿ, ಆಳು, ಕಾಸು ಎಲ್ಲವೂ ಬೇಕು.

ಬಂಟ್ವಾಳದ ಬಿ.ಸಿ. ರೋಡಿನಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಅರಮನೆಯ ವೈಭವವಿಲ್ಲ, ಸಾಮಾನ್ಯ ಸಂಸಾರದ ಉಪಕರಣಗಳಿವೆ. ನನಗಂತೂ ಇಂತಹ ಸಂಗ್ರಹಗಳೇ ಹೆಚ್ಚು ಪ್ರಿಯ. ಉಪಕರಣಗಳು ಸಂಗ್ರಹಕ್ಕೆ ಸೇರಿದರೂ, ಕಳಸೆಯಲ್ಲಿ ಬತ್ತವನ್ನು ಅಳೆದವರು, ಬೈಹುಲ್ಲಿನಿಂದ ಅಕ್ಕಿಯ ಮುಡಿಯನ್ನು ಕಟ್ಟಿದವರು ಇಂದಿಗೂ ಊರುಗಳಲ್ಲಿದ್ದಾರೆ. ಮೊಮ್ಮಕ್ಕಳ ಕೈಹಿಡಿದು ಅವರೂ ಈ ಸಂಗ್ರಹಾಲಯಗಳನ್ನು ನೋಡಲು ಬರುತ್ತಾರೆ. ಬಾಗಿಲಲ್ಲಿರುವ ಸಂದರ್ಶಕರ ಪುಸ್ತಕದಲ್ಲಿ ನಾವೆಲ್ಲ ‘ಬಹಳ ಚೆನ್ನಾಗಿದೆ’ ಎಂದು ಬರೆದು ರುಜು ಹಾಕಿ ಬರುವ ಬದಲು, ಸಂಗ್ರಹಾಲಯದವರು ಇಂತಹ ಹಿರಿಯರನ್ನು ಒಂದು ಗಳಿಗೆ ಕೂರಿಸಿಕೊಂಡು, ಯಾವ ಸಲಕರಣೆಗೆ ಅವರ ಊರಲ್ಲಿ ಏನೆನ್ನುತ್ತಿದ್ದರು, ಅದನ್ನು ಯಾವ ಮರದಿಂದ ಮಾಡುತ್ತಿದ್ದರು, ಯಾರು ಮಾಡುತ್ತಿದ್ದರು ಎಂಬುದನ್ನು ಅದೇ ಪುಸ್ತಕದಲ್ಲಿ ಬರೆದುಕೊಳ್ಳಬಹುದು.