ಒಂದು ಕೊಂಬೆಯ ಸಂತತಿ

ಮರವೆಂದರೆ ಆಕಾಶದತ್ತ ಏರುವಂಥದು ಎಂದೇ ನಾವು ತಿಳಿದಿರುತ್ತೇವೆ. ನೆಲದತ್ತ ಇಳಿಯುವುದನ್ನೇ ಸ್ವಭಾವ ಮಾಡಿಕೊಂಡ ಮರವೊಂದುಂಟು. ಅದರ ಹೆಸರು ಕ್ಯಾಂಪರ್‌ಡೌನ್ ಎಲ್ಮ್. ಎಲ್ಮ್ ನಮಗೆ ತೀರ ಪರಕೀಯವೇನೂ ಅಲ್ಲ; ನಮ್ಮ ಕಡೆಯ ತಪಸಿ ಮರ ಅದೇ ಕುಟುಂಬದ್ದು.

ಸ್ಕಾಟ್ಲೆಂಡಿನ ಡಂಡೀ ನಗರದ ಮಗ್ಗುಲಲ್ಲಿ ಕ್ಯಾಂಪರ್‌ಡೌನ್ ಪ್ರಭುಗಳ ಎಸ್ಟೇಟು ಇತ್ತು. 1835-40ರ ಸುಮಾರಿಗೆ ಅಲ್ಲಿನ ಮುಖ್ಯ ವನಪಾಲಕ ಡೇವಿಡ್ ಟೇಲರನಿಗೆ ಕಾಡಿನಲ್ಲಿ ಒಂದು ವಿಚಿತ್ರ ಕಂಡಿತು. ವಿಚ್ ಎಲ್ಮ್ ಜಾತಿಯ ಕೊಂಬೆಯೊಂದು ಮೇಲೇಳದೆ, ಸೊಟ್ಟಸೊಟ್ಟಗೆ ನೆಲದ ಮೇಲೆ ತೆವಳುತ್ತಿತ್ತು. ಬೇರೆಯವನಾಗಿದ್ದರೆ ಕಡಿದು ಒಲೆಗೆ ಹಾಕುತ್ತಿದ್ದನೇನೋ! ಇಲ್ಲಿ ಅದರ ಕಡ್ಡಿಯನ್ನು ತಂದು, ನೆಟ್ಟಗೆ ಬೆಳೆದ ಮತ್ತೊಂದು ವಿಚ್ ಎಲ್ಮಿಗೆ ಕಸಿ ಕಟ್ಟಲಾಯಿತು. ತೆವಳುವ ಗುಣ ಎತ್ತರದ ಕಾಂಡದ ತುದಿಗೇರಿದಾಗ ಚೆಲುವಾಯಿತು. ರೆಂಬೆಗಳು ಕೊಡೆಯಂತೆ ಹರಡಿ, ಸುತ್ತಲೂ ನೆಲಮುಟ್ಟ ಇಳಿದವು. ಬೇಸಗೆಯಲ್ಲಿ ಎಲೆ ತುಂಬಿದಾಗ ಒಳಗೆ ನಾಲ್ಕು ಮಕ್ಕಳು ಬಚ್ಚಿಟ್ಟುಕೊಂಡರೂ ಹೊರಗಿನವರಿಗೆ ತಿಳಿಯದು.

ವಿಕ್ಟೋರಿಯಾ ರಾಣಿಯ ಕಾಲದವರು ಈ ಮರವನ್ನು ಉದ್ಯಾನಗಳಲ್ಲಿ, ಸ್ಮಶಾನಗಳಲ್ಲಿ ನೆಟ್ಟರು. ತಲೆ ತಗ್ಗಿಸಿ ಅಳುವಂತೆ ಕಾಣುವ ಮರ ಅವರ ಶೋಕಕ್ಕೆ ಒಪ್ಪಿತೆಂದು ತೋರುತ್ತದೆ.

ರಸಪೂರಿಯ ವಾಟೆ ನೆಟ್ಟು ರಸಪೂರಿಯನ್ನೇ ನಿರೀಕ್ಷಿಸಿ ಮೋಸಹೋದವರು ನಮ್ಮಲ್ಲಿ ಕಡಿಮೆಯಿಲ್ಲ. ಇಲ್ಲಿಯೂ ಹಾಗೆಯೇ, ಬೀಜವನ್ನು ನಂಬುವಂತಿಲ್ಲ. ಲೋಕದಲ್ಲಿರುವ ಕ್ಯಾಂಪರ್‌ಡೌನ್ ಎಲ್ಮ್‌ಗಳೆಲ್ಲ ಟೇಲರನ ಆ ಒಂದೇ ಕೊಂಬೆಯಿಂದ ಕೈಯಿಂದ ಕೈಗೆ ಕಸಿಯಾಗಿ ಬಂದವು. ರೂಪ ಒಂದೇ, ದೌರ್ಬಲ್ಯವೂ ಒಂದೇ. ಎಲ್ಮ್ ಜಾತಿಗೆ ಯಮನಾಗಿರುವ ಡಚ್ ಎಲ್ಮ್ ರೋಗ ಇದನ್ನೂ ಬಿಡುವುದಿಲ್ಲ. ತೊಗಟೆ ಕೊರೆಯುವ ಪುಟ್ಟ ದುಂಬಿ ಬೂಷ್ಟನ್ನು ಹೊತ್ತು ತರುತ್ತದೆ, ನೀರಿನ ನಾಳಗಳು ಕಟ್ಟಿಕೊಳ್ಳುತ್ತವೆ, ಮರ ಒಣಗುತ್ತದೆ. 1960ರ ದಶಕದ ಕೊನೆಯಿಂದ ಬ್ರಿಟನ್ನಿನಲ್ಲಿ ಕೋಟಿಗಟ್ಟಲೆ ಎಲ್ಮ್‌ಗಳು ಹೀಗೆ ಸತ್ತವು.

ಇವುಗಳಲ್ಲಿ ಹೆಸರಾದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಪ್ರಾಸ್ಪೆಕ್ಟ್ ಪಾರ್ಕಿನಲ್ಲಿದೆ. ನೆಟ್ಟದ್ದು 1872ರಲ್ಲಿ. ಆರೈಕೆಯಿಲ್ಲದೆ ಅದರ ಕಾಂಡ ಪೊಳ್ಳಾಗಿ ಹೋಗಿತ್ತು. ಆಗ ಎಂಬತ್ತರ ಅಂಚಿನಲ್ಲಿದ್ದ ಕವಯಿತ್ರಿ ಮೇರಿಯಾನ್ ಮೂರ್ 1967ರಲ್ಲಿ ಆ ಮರದ ಮೇಲೆಯೇ ಒಂದು ಕವನ ಬರೆದರು. ಜನ ಓದಿದರು, ಹಣ ಕೂಡಿತು, ಮರವೈದ್ಯರು ಬಂದರು. ಕವಿತೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನಾನು ಈ ಮರವನ್ನು ತೋರಿಸುತ್ತೇನೆ. ಕೊಂಬೆಗಳಿಗೆ ತಂತಿಯ ಆಸರೆ ಕೊಟ್ಟು, ಸುತ್ತ ಬೇಲಿ ಹಾಕಿ ಅದನ್ನು ಉಳಿಸಿಕೊಂಡಿದ್ದಾರೆ.

ಮೂಲದ ಮರ ಡಂಡೀಯಲ್ಲೇ ಇದೆ. ಎಸ್ಟೇಟು ಈಗ ಸಾರ್ವಜನಿಕ ಉದ್ಯಾನ. ಮರದ ಎತ್ತರ ಮಾತ್ರ 3 ಮೀಟರನ್ನೂ ಮುಟ್ಟಿಲ್ಲ.