ಸ್ನಾನಕ್ಕೆ ಮೊದಲು ಕೈಗೊಂದು ಚೊಂಬು: ರುಬೆಲ್ಲಾ ಮಕ್ಕಳ ನಡವಳಿಕೆಗೆ ಚಿಕಿತ್ಸೆ ಎಲ್ಲಿಂದ ಶುರು?

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವನು. ಆದ್ರೆ ಹೋದ ತಿಂಗಳು ನಮ್ಮ ಕೇಳುಗರಲ್ಲೊಬ್ಬ ತಾಯಿ ಒಂದು ಮೆಸೇಜ್ ಕಳಿಸಿದ್ರು. ಅವರ ಒಪ್ಪಿಗೆ ಪಡೆದೇ ಹೇಳ್ತಿದ್ದೀನಿ. ಮಗನಿಗೆ ಆರು ವರ್ಷ. ಹೊಟ್ಟೆಯಲ್ಲಿದ್ದಾಗಲೇ ರುಬೆಲ್ಲಾ ತಗುಲಿತ್ತು. ಕಣ್ಣಿನ ಪೊರೆಗೆ ಆಪರೇಷನ್ ಆಗಿದೆ, ಕಿವಿ ಸರಿಯಾಗಿ ಕೇಳಿಸಲ್ಲ. ಅವರು ಬರೆದಿದ್ದು ಇಷ್ಟು: "ಕಣ್ಣಿಗೊಬ್ಬ ಡಾಕ್ಟರ್ ಇದ್ದಾರೆ, ಕಿವಿಗೊಬ್ಬ ಡಾಕ್ಟರ್ ಇದ್ದಾರೆ. ಇವನು ಕಚ್ಚೋದಕ್ಕೆ, ಗೋಡೆಗೆ ತಲೆ ಚಚ್ಚಿಕೊಳ್ಳೋದಕ್ಕೆ ಯಾರ ಹತ್ರ ಹೋಗ್ಲಿ? ಮನೇಲಿ ಎಲ್ಲರೂ ಇದು ಹಠ, ನೀನೇ ಮುದ್ದು ಮಾಡಿ ಕೆಡಿಸಿದೆ ಅಂತಾರೆ."

ಈ ಪ್ರಶ್ನೆ ಹಿಡ್ಕೊಂಡು ಓದೋಕೆ ಕೂತೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ರುಬೆಲ್ಲಾ ಅಂದ್ರೆ ದೊಡ್ಡವರಿಗೆ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ, ಮೂರು ದಿನದಲ್ಲಿ ಮಾಯ. ಆದ್ರೆ ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ಬಂದ್ರೆ ಮಗುವಿನ ಕಣ್ಣು, ಕಿವಿ, ಹೃದಯ, ಮೆದುಳು ಯಾವುದನ್ನೂ ಬಿಡಲ್ಲ. 1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಅನ್ನೋ ಕಣ್ಣಿನ ಡಾಕ್ಟರ್ ಇದನ್ನ ಮೊದಲು ಗುರುತಿಸಿದ್ರು. ಅವರ ಹತ್ರ ಬರ್ತಿದ್ದ ಎಳೆಗೂಸುಗಳ ಕಣ್ಣಲ್ಲಿ ಪೊರೆ. ತಾಯಂದಿರನ್ನ ವಿಚಾರಿಸಿದ್ರೆ, ಬಸುರಿಯಾಗಿದ್ದಾಗ ರುಬೆಲ್ಲಾ ಬಂದಿತ್ತು ಅನ್ನೋ ಉತ್ತರ.

ಆಗ ನೋಡಿದ್ದು ದೇಹಕ್ಕಾದ ಹಾನಿಯನ್ನ. ನಡವಳಿಕೆ ಕಡೆ ಗಮನ ಹೋಗೋಕೆ ಇನ್ನೂ ಇಪ್ಪತ್ತು ವರ್ಷದ ಮೇಲೆ ಬೇಕಾಯ್ತು. 1964–65ರಲ್ಲಿ ಅಮೆರಿಕದಲ್ಲಿ ದೊಡ್ಡ ರುಬೆಲ್ಲಾ ಸಾಂಕ್ರಾಮಿಕ ಬಂತು. ಅಂದಾಜು ಒಂದೂಕಾಲು ಕೋಟಿ ಜನರಿಗೆ ಸೋಂಕು, ಸುಮಾರು 20,000 ಮಕ್ಕಳು ಜನ್ಮಜಾತ ರುಬೆಲ್ಲಾದೊಂದಿಗೆ ಹುಟ್ಟಿದ್ರು. ನ್ಯೂಯಾರ್ಕ್‌ನಲ್ಲಿ ಸ್ಟೆಲ್ಲಾ ಚೆಸ್ ಅನ್ನೋ ಮಕ್ಕಳ ಮನೋವೈದ್ಯೆ ಇಂಥ 243 ಮಕ್ಕಳನ್ನ ಪರೀಕ್ಷೆ ಮಾಡಿ, 1971ರಲ್ಲಿ ಫಲಿತಾಂಶ ಪ್ರಕಟಿಸಿದ್ರು. 10 ಮಕ್ಕಳಲ್ಲಿ ಪೂರ್ಣ ಆಟಿಸಂ, ಇನ್ನೂ 8 ಮಕ್ಕಳಲ್ಲಿ ಭಾಗಶಃ ಲಕ್ಷಣ. ಅಂದ್ರೆ ನೂರಕ್ಕೆ ಏಳಕ್ಕೂ ಹೆಚ್ಚು. ಆ ಕಾಲದ ಲೆಕ್ಕದಲ್ಲಿ ಆಟಿಸಂ ಇದ್ದಿದ್ದು 10,000 ಮಕ್ಕಳಲ್ಲಿ ನಾಲ್ಕೈದು ಜನಕ್ಕೆ. ಇದರ ಜೊತೆಗೆ ಅತಿ ಚಟುವಟಿಕೆ, ಸಿಟ್ಟು, ತನಗೆ ತಾನೇ ಗಾಯ ಮಾಡ್ಕೊಳ್ಳೋದು ಕೂಡ ಕಂಡುಬಂತು.

ಆ ತಾಯಿಗೆ, ಅವರ ಹಾಗೆ ಮಾತು ಕೇಳಿಸ್ಕೊಂಡಿರೋ ಎಲ್ಲರಿಗೂ ಈ ಸಂಖ್ಯೆಗಳು ಒಂದು ಉತ್ತರ ಕೊಡುತ್ವೆ. ವೈರಸ್ ಮೆದುಳಿಗೆ ಮಾಡಿದ ಕೆಲಸ ಇದು. ಮುದ್ದು ಮಾಡಿದ್ದಕ್ಕೆ ಬಂದಿದ್ದಲ್ಲ.

ಚೆಸ್ ಇನ್ನೂ ಒಂದು ಗಮನಿಸಿದ್ರು. ಅದೇ ಮಕ್ಕಳನ್ನ ಕೆಲವು ವರ್ಷ ಬಿಟ್ಟು ಮತ್ತೆ ನೋಡಿದಾಗ ಆಟಿಸಂ ಇದ್ದ ಕೆಲವರು ಎಷ್ಟೋ ಸುಧಾರಿಸಿದ್ರು. ಮೊದಲು ಲಕ್ಷಣ ಇಲ್ಲದ ಕೆಲವರಲ್ಲಿ ಹೊಸದಾಗಿ ಕಾಣಿಸ್ಕೊಂಡಿತ್ತು. ಹಾಗಾಗಿ ಒಂದು ಸಲ ಚೆಕಪ್ ಮಾಡಿಸಿ ಫೈಲ್ ಮುಚ್ಚೋ ಹಾಗಿಲ್ಲ.

ಸರಿ, ಚಿಕಿತ್ಸೆ ಏನು? ಹೊಟ್ಟೆಯಲ್ಲಿ ಆದ ಹಾನಿಯನ್ನ ವಾಪಸ್ ತೆಗೆಯೋ ಔಷಧಿ ಇಲ್ಲ. ನಡವಳಿಕೆಗೆ ಮಾತ್ರ ಖಂಡಿತ ಚಿಕಿತ್ಸೆ ಇದೆ. ಆದ್ರೆ ಅದಕ್ಕೊಂದು ಕ್ರಮ ಇದೆ, ಮತ್ತು ನಾವು ಸಾಮಾನ್ಯವಾಗಿ ಆ ಕ್ರಮವನ್ನ ತಲೆಕೆಳಗು ಮಾಡ್ತೀವಿ. ಮೊದಲು ಗದರೋದು, ಆಮೇಲೆ ಮಾತ್ರೆ ಕೇಳೋದು, ಕೊನೆಗೆ ಕಣ್ಣು ಕಿವಿ.

ಶುರು ಆಗಬೇಕಿರೋದು ದೇಹದಿಂದ. ಈ ಮಕ್ಕಳಲ್ಲಿ ಕಿವಿ ವರ್ಷಗಳು ಕಳೆದ ಹಾಗೆ ಇನ್ನಷ್ಟು ಮಂದ ಆಗಬಹುದು. ಕಣ್ಣಲ್ಲಿ ಗ್ಲಾಕೋಮಾ ತಡವಾಗಿ ಬರಬಹುದು, ಅದು ನೋಯುತ್ತೆ. ಥೈರಾಯ್ಡ್, ಸಕ್ಕರೆ ಕಾಯಿಲೆ ಕೂಡ ಆಮೇಲೆ ಬರೋದುಂಟು. ನೋವು ಅಂತ ಹೇಳೋಕೆ ಬಾರದ ಮಗು ತಲೆ ಚಚ್ಚಿಕೊಳ್ಳುತ್ತೆ. ನಿನ್ನೆವರೆಗೆ ಸರಿಯಿದ್ದ ಮಗು ಏಕಾಏಕಿ ಬದಲಾದ್ರೆ ಕಣ್ಣಿನ ಒತ್ತಡ, ಕಿವಿ, ಹಲ್ಲು, ರಕ್ತಪರೀಕ್ಷೆ ಇವೆಲ್ಲ ಮೊದಲು ಆಗಬೇಕು. ಮಗು ಸಹಕರಿಸಲ್ಲ ಅಂದ್ರೆ, ನಿದ್ದೆಯಲ್ಲೇ ಕಿವಿ ನೋಡೋ ಬೆರಾ ಟೆಸ್ಟ್ ಇದೆ.

ಎರಡನೇದು ಸಂವಹನ. ಇದೇ ಅರ್ಧ ಚಿಕಿತ್ಸೆ. ಸ್ವಲ್ಪ ಯೋಚನೆ ಮಾಡಿ. ಕಣ್ಣು ಮಂಜು, ಕಿವಿ ಮಂದ. ಯಾರೋ ಹಿಂದಿನಿಂದ ಬಂದು ಎತ್ಕೊಂಡು ಹೋಗಿ ತಲೆ ಮೇಲೆ ನೀರು ಸುರೀತಾರೆ. ನಾನಾದ್ರೂ ಕಚ್ತೀನಿ. ಅದಕ್ಕೇ ತಜ್ಞರು ಹೇಳಿಕೊಡೋ ವಿಧಾನ ಹೀಗಿದೆ. ಸ್ನಾನಕ್ಕೆ ಮೊದಲು ಮಗುವಿನ ಕೈಗೆ ಚೊಂಬು ಕೊಡಿ. ಊಟಕ್ಕೆ ಮೊದಲು ತಟ್ಟೆ ಮುಟ್ಟಿಸಿ. ಹೊರಗೆ ಹೋಗೋ ಮೊದಲು ಚಪ್ಪಲಿ. ದಿನಾ ಅದೇ ವಸ್ತು, ಅದೇ ಕ್ರಮ. ಮುಂದೇನು ಅಂತ ಗೊತ್ತಾದಾಗ ಭಯ ಕಡಿಮೆ ಆಗುತ್ತೆ, ರಂಪನೂ ಕಡಿಮೆ ಆಗುತ್ತೆ. ಹಿಯರಿಂಗ್ ಏಡ್, ಕೋಕ್ಲಿಯರ್ ಇಂಪ್ಲಾಂಟ್, ಸನ್ನೆ ಭಾಷೆ, ಚಿತ್ರದ ಕಾರ್ಡು, ಯಾವುದು ಆ ಮಗುವಿಗೆ ಹೊಂದುತ್ತೋ ಅದು. ಸನ್ನೆ ಕಲಿಸಿದ್ರೆ ಮಾತು ಬರಲ್ಲ ಅನ್ನೋ ಭಯ ಬೇಡ.

ಮೂರನೇದು ನಡವಳಿಕೆಯ ಥೆರಪಿ. ಇದು ನಮ್ಮ ಕಾಮರ್ಸ್‌ನವರಿಗೆ ಚೆನ್ನಾಗಿ ಅರ್ಥ ಆಗುತ್ತೆ, ಯಾಕಂದ್ರೆ ಇದಕ್ಕೂ ಒಂದು ದಿನಚರಿ ಪುಸ್ತಕ ಬೇಕು. ಮೂರು ಕಾಲಂ ಹಾಕಿ. ರಂಪಕ್ಕೆ ಮುಂಚೆ ಏನಾಯ್ತು, ಮಗು ಏನು ಮಾಡ್ತು, ಆಮೇಲೆ ನಾವೇನು ಮಾಡಿದ್ವಿ. ಎರಡು ವಾರ ಬರೆದ್ರೆ ಸಾಕು, ಒಂದು ಲೆಕ್ಕ ಸಿಗೋಕೆ ಶುರುವಾಗುತ್ತೆ. ಕಷ್ಟದ ಕೆಲಸ ತಪ್ಪಿಸ್ಕೊಳ್ಳೋಕಾ, ಏನಾದ್ರೂ ಬೇಕು ಅಂತಾನಾ, ಯಾರಾದ್ರೂ ನೋಡಲಿ ಅಂತಾನಾ, ಅಥವಾ ಆ ಸ್ಪರ್ಶವೇ ಹಿತ ಅಂತಾನಾ? ಕಾರಣಕ್ಕೆ ತಕ್ಕ ಹಾಗೆ ಬೇರೆ ದಾರಿ ಕಲಿಸ್ತಾರೆ. ಕಚ್ಚೋ ಬದಲು "ಸಾಕು" ಅನ್ನೋ ಒಂದು ಸನ್ನೆ. ಕಣ್ಣು ಒತ್ತಿಕೊಳ್ಳೋ ಕೈಗೆ ಬೇರೆ ಏನಾದ್ರೂ ಕೆಲಸ. ಹೊಡೆಯೋದ್ರಿಂದ ಮಗುವಿಗೆ ಭಯ ಬಿಟ್ಟು ಬೇರೇನೂ ಕಲಿಸೋಕೆ ಆಗಲ್ಲ.

ಮಾತ್ರೆ ಬರೋದು ಕೊನೆಗೆ. ಆಟಿಸಂ ಇರೋ ಮಕ್ಕಳ ತೀವ್ರ ಸಿಟ್ಟಿಗೆ, ಗಾಯ ಮಾಡ್ಕೊಳ್ಳೋದಕ್ಕೆ ರಿಸ್ಪೆರಿಡೋನ್ ಅಂಥವು, ಅತಿ ಚಟುವಟಿಕೆಗೆ ಮಿಥೈಲ್‌ಫೆನಿಡೇಟ್ ಅಂಥವು ಇವೆ. ರುಬೆಲ್ಲಾ ಮಕ್ಕಳಲ್ಲಿ ಹೃದಯದ ತೊಂದರೆ ಸಾಮಾನ್ಯ, ಆದ್ದರಿಂದ ಮಾತ್ರೆಗೆ ಮೊದಲು ಹೃದಯದ ವಿಷಯ ಡಾಕ್ಟರ್‌ಗೆ ಹೇಳಲೇಬೇಕು. ಔಷಧಿ ಮಗುವನ್ನ ಕಲಿಯೋ ಸ್ಥಿತಿಗೆ ತರುತ್ತೆ. ಕಲಿಸೋ ಕೆಲಸ ನಮ್ದೇ.

ಇದೇ ಥರ ಕಾಡೋ ಇನ್ನೊಂದು ವೈರಸ್ ಸಿಎಂವಿ, ಅಂದ್ರೆ ಸೈಟೋಮೆಗಾಲೋವೈರಸ್. ಅಲ್ಲಿ ಸಮಯವೇ ಎಲ್ಲ. ಹುಟ್ಟಿದ 21 ದಿನದೊಳಗೆ ಮೂತ್ರ ಅಥವಾ ಜೊಲ್ಲಿನ ಪರೀಕ್ಷೆ ಆದ್ರೆ ಮಾತ್ರ ಜನ್ಮಜಾತ ಸೋಂಕು ಅಂತ ಖಚಿತವಾಗಿ ಹೇಳಬಹುದು. ಲಕ್ಷಣ ಇರೋ ಮಕ್ಕಳಿಗೆ ಮೊದಲ ತಿಂಗಳಲ್ಲೇ ಶುರು ಮಾಡಿ ಆರು ತಿಂಗಳು ಕೊಡೋ ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಕಿವಿಯನ್ನ ಒಂದಷ್ಟು ಕಾಪಾಡುತ್ತೆ.

ಎಲ್ಲಿಗೆ ಹೋಗೋದು? ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಕೇಂದ್ರಗಳಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಆ ಹೆಸರು ಹೇಳಿ ಕೇಳಿ. ಕಿವಿ ಮತ್ತು ಮಾತಿಗೆ ಮೈಸೂರಿನ ಆಯಿಷ್, ಅಂದ್ರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಡವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗ. ಹೋಗುವಾಗ ಆ ಮೂರು ಕಾಲಂ ಪುಸ್ತಕ, ಮೊಬೈಲಲ್ಲಿ ರಂಪದ ಒಂದೆರಡು ವಿಡಿಯೋ, ಎಲ್ಲಾ ಹಳೇ ರಿಪೋರ್ಟು ತಗೊಂಡು ಹೋಗಿ. ಹತ್ತು ನಿಮಿಷದ ಭೇಟಿಯಲ್ಲಿ ಡಾಕ್ಟರ್‌ಗೆ ಅದೇ ಆಧಾರ.

ಕೊನೇ ಮಾತು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಲಸಿಕೆ ಬಗ್ಗೆ ವಾಟ್ಸಾಪ್‌ನಲ್ಲಿ ಏನೇನು ಓಡಾಡ್ತು ಅಂತ ನಿಮಗೂ ನೆನಪಿರಬಹುದು. ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನೋ ಗುಮಾನಿ ಹಬ್ಬಿಸಿದ 1998ರ ಲೇಖನವನ್ನ ದಿ ಲ್ಯಾನ್ಸೆಟ್ ಪತ್ರಿಕೆ 2010ರಲ್ಲೇ ವಾಪಸ್ ತಗೊಂಡಿದೆ. ಚೆಸ್ ಅವರ 243 ಮಕ್ಕಳು ಹೇಳೋದು ಅದಕ್ಕೆ ಉಲ್ಟಾ. ಆಟಿಸಂಗೆ ನಮಗೆ ಖಚಿತವಾಗಿ ಗೊತ್ತಿರೋ ಕಾರಣಗಳಲ್ಲಿ ಒಂದನ್ನ ಈ ಲಸಿಕೆ ತಡೆಯುತ್ತೆ. ಮಗುವಿಗೆ 9 ತಿಂಗಳಿಗೊಂದು ಡೋಸ್, 16ರಿಂದ 24 ತಿಂಗಳೊಳಗೆ ಇನ್ನೊಂದು. ನಿಮ್ಮನೇಲಿ ಪುಟ್ಟ ಮಗು ಇದ್ರೆ ಇವತ್ತೇ ತಾಯಿ ಕಾರ್ಡ್ ತೆಗೆದು ನೋಡಿ.